ಅಕ್ಕನ ಏಕಾದಶಿ ಮತ್ತು ಡಬ್ಬಿಯ ಓಪನರ್

ನಮ್ಮ ಮನೆಯ ಹಳೆಯ ಡಬ್ಬಿ ಓಪನರ್ ಮಾರ್ಗಶಿರ ಬಹುಳ ಏಕಾದಶಿಯಂದು ಮುರಿಯಿತೆಂದು ನಾನು ಇಬ್ಬರು ಮೂವರ ಬಳಿ ಹೇಳಿದ್ದೇನೆ. ಅದು ತಪ್ಪು. ಇದನ್ನು ಬರೆಯಲು ಕುಳಿತಾಗ ದಿನಗಳನ್ನು ಒಂದಕ್ಕೊಂದು ತಾಳೆ ನೋಡಿದೆ. ಓಪನರ್ ಮುರಿದ ಮಧ್ಯಾಹ್ನ ನಾನು ಸಿಟ್ಟಿನಿಂದ ಬಾಲ್ಕನಿಗೆ ಬಂದು ನಿಂತಿದ್ದಾಗ, ಕೆಳಗೆ ಮನೆ ಮಾಲೀಕರ ತುಳಸಿಕಟ್ಟೆಯಲ್ಲಿ ಉತ್ಥಾನ ದ್ವಾದಶಿಗೆ ನೆಟ್ಟಿದ್ದ ನೆಲ್ಲಿಕೊಂಬೆ ಇನ್ನೂ ಇತ್ತು. ಎಲೆ ಉದುರಿತ್ತು, ಕಾಯಿ ಸುಕ್ಕಾಗಿತ್ತು, ಆದರೆ ಯಾರೂ ಅದನ್ನು ಕಿತ್ತಿರಲಿಲ್ಲ. ಆದ್ದರಿಂದ ಅದು ಕಾರ್ತಿಕ ಬಹುಳ ಏಕಾದಶಿ. ಶಾಸನಗಳಲ್ಲಿ ಕೆತ್ತಿರುವ ತಿಥಿ, ವಾರ, ನಕ್ಷತ್ರಗಳನ್ನು ಲೆಕ್ಕ ಹಾಕಿ ಅವುಗಳ ಕಾಲವನ್ನು ನಿರ್ಣಯಿಸುವುದೇ ವೃತ್ತಿಯಾಗಿದ್ದವನು ಸ್ವಂತ ಅಡುಗೆಮನೆಯ ವಿಷಯದಲ್ಲಿ ಒಂದು ತಿಂಗಳು ತಪ್ಪಬಾರದು. ಮಾರ್ಗಶಿರ ಬಹುಳ ಏಕಾದಶಿ ಈ ಪ್ರಸಂಗ ಮುಗಿದ ದಿನ, ಆರಂಭವಾದ ದಿನವಲ್ಲ.

ಹೂಡಿಯಲ್ಲಿ, ರೈಲ್ವೆ ಗೇಟಿಗೆ ದೂರವಲ್ಲದ ಒಂದು ಮಹಡಿಮನೆಯಲ್ಲಿ, ನಾನೂ ನನ್ನ ಅಕ್ಕನೂ ಬಾಡಿಗೆಗಿದ್ದೇವೆ. ನಾನು ಮದುವೆಯಾದವನಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ತನ್ನ ದೇವರ ಪೆಟ್ಟಿಗೆ, ಎರಡು ಹಿತ್ತಾಳೆ ಕೊಳಗ ಮತ್ತು ಒಂದು ಕಂತೆ ನಿಯಮಗಳೊಂದಿಗೆ ನನ್ನಲ್ಲಿಗೆ ಬಂದಳು. ಕೊಳಗಗಳನ್ನು ಅಟ್ಟಕ್ಕೆ ಹಾಕಿದೆವು. ನಿಯಮಗಳು ಅಡುಗೆಮನೆಯಲ್ಲಿ ಉಳಿದವು.

ಅವುಗಳಲ್ಲಿ ಮುಖ್ಯವಾದದ್ದು ಏಕಾದಶಿ. ಅಂದು ಅಕ್ಕ ಅನ್ನ ಮುಟ್ಟುವುದಿಲ್ಲ. ಮೊದಲೆಲ್ಲ ನೀರೂ ಕುಡಿಯದೆ ಇರುತ್ತಿದ್ದವಳು, ವಯಸ್ಸಾದ ಮೇಲೆ ಮಧ್ಯಾಹ್ನ ಒಂದು ಸಲ ಹಾಲು ಹಣ್ಣು ತೆಗೆದುಕೊಳ್ಳುವುದಕ್ಕೆ ಒಪ್ಪಿದ್ದಾಳೆ. ಹಣ್ಣು ಯಾವುದು ಎಂಬುದೇ ನಮ್ಮ ಕಷ್ಟದ ಮೂಲ. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಕೂರದೆ ಗೂಡಿನಲ್ಲಿರುವ ಸ್ಟೀಲ್ ಲೋಟದಲ್ಲಿ ಕುಳಿತಿದೆ. ಆದ್ದರಿಂದ ಸೇಬು, ಸೀಬೆ ಆಗುವುದಿಲ್ಲ. ಸೇಬನ್ನು ತುರಿಯೋಣವೆಂದರೆ ಸಂಧಿವಾತದಿಂದ ಅವಳ ಹೆಬ್ಬೆರಳುಗಳ ಬುಡ ಊದಿದೆ. ಬಾಳೆಹಣ್ಣು ಕಫ. ಪರಂಗಿಹಣ್ಣಿನ ವಾಸನೆ ಅವಳಿಗೆ ಹುಟ್ಟಿದಾರಭ್ಯ ಆಗದು. ಬರಿಯ ಹಾಲು ಕುಡಿದರೆ ಹೊಟ್ಟೆ ತೊಳಸುತ್ತದೆ. ಮಾವಿನ ಕಾಲದಲ್ಲಿ ರಸಪುರಿ ಹಣ್ಣನ್ನು ಹಿಂಡಿಕೊಂಡು ಹಾಲು ಬೆರೆಸಿ ಸುಖವಾಗಿರುತ್ತಾಳೆ. ಉಳಿದ ತಿಂಗಳುಗಳಿಗೆ ಉಳಿದದ್ದು ತಗಡಿನ ಡಬ್ಬಿಯಲ್ಲಿ ಬರುವ ಮಾವಿನ ತಿರುಳು. ಅದು ಹಣ್ಣು, ಅದಕ್ಕೆ ಹಾಕಿರುವುದು ಸಕ್ಕರೆ, ಆದ್ದರಿಂದ ಆಗಬಹುದು ಎಂದು ಅಕ್ಕ ತಾನೇ ತೀರ್ಪು ಕೊಟ್ಟುಕೊಂಡಿದ್ದಾಳೆ. ಕಾರ್ಖಾನೆಯಲ್ಲಿ ತಿರುಳನ್ನು ಕಾಯಿಸದೆ ಡಬ್ಬಿಗೆ ತುಂಬುವುದಿಲ್ಲ ಎಂಬುದು ನನಗೆ ಗೊತ್ತು. ಪ್ರತಿಯೊಂದು ಅಂಶವನ್ನೂ ಪ್ರಮಾಣೀಕರಿಸುವ ಅಭ್ಯಾಸವಿರುವ ನಾನು ಈ ಒಂದು ಅಂಶದಲ್ಲಿ ಬಾಯಿ ಮುಚ್ಚಿಕೊಂಡಿದ್ದೆ.

ಇನ್ನೊಂದು ನಿಯಮವಿದೆ. ಏಕಾದಶಿಯ ದಿನ ಅಕ್ಕ ಮಡಿಯಲ್ಲಿರುತ್ತಾಳೆ. ತಲೆಗೆ ನೀರು ಹಾಕಿಕೊಂಡು, ಹಿಂದಿನ ದಿನ ಒಗೆದು ಯಾರೂ ಮುಟ್ಟದಂತೆ ಬಿದಿರಿನ ಗಳುವಿನ ಮೇಲೆ ಒಣಹಾಕಿದ ಸೀರೆ ಉಟ್ಟು ಅಡುಗೆಮನೆಗೆ ಹೋದರೆ, ಅವಳು ಬಾಯಿಗಿಡುವ ಪದಾರ್ಥವನ್ನು ಅವಳೇ ತೆಗೆಯಬೇಕು, ಅವಳೇ ಬಗ್ಗಿಸಿಕೊಳ್ಳಬೇಕು. ಅಂಗಡಿಯಿಂದ ಬಂದ ಡಬ್ಬಿ ಹೇಗೆ ಮಡಿಯಾಗುತ್ತದೆ? ಮುಚ್ಚಿದ ಡಬ್ಬಿಯನ್ನು ಹುಣಿಸೆಹಣ್ಣು ಹಚ್ಚಿ ತೊಳೆದು, ನೀರಿನಲ್ಲಿ ಮುಳುಗಿಸಿ ತೆಗೆದರೆ ಆಗುತ್ತದೆ. ಓಪನರ್ ಕೂಡ ಹಾಗೆಯೇ. ತೆರೆಯುವ ಕೈ ಮಾತ್ರ ಅವಳದೇ ಆಗಿರಬೇಕು. ನಾನು ವಿದ್ಯಾರ್ಥಿದೆಸೆಯಲ್ಲಿಯೇ ಜನಿವಾರ ತೆಗೆದಿಟ್ಟವನು. ನನ್ನ ಕೈ ಲೆಕ್ಕಕ್ಕಿಲ್ಲ.

ಹೀಗಾಗಿ ಕಾರ್ತಿಕ ಬಹುಳ ಏಕಾದಶಿಯಂದು ಓಪನರಿನ ಹಲ್ಲುಚಕ್ರ ಕಳಚಿ ಸಿಂಕಿಗೆ ಬಿದ್ದಾಗ, ತೆರೆಯದ ಡಬ್ಬಿಯ ಮುಂದೆ ಅಕ್ಕ, ಹೊಸ್ತಿಲ ಈಚೆ ನಾನು, ಇಬ್ಬರೂ ನಿರುಪಾಯರಾಗಿ ನಿಂತೆವು. ಸುತ್ತಿಗೆ, ಸ್ಕ್ರೂಡ್ರೈವರ್ ತರುತ್ತೇನೆಂದೆ. "ಬಾತ್‌ರೂಮಲ್ಲಿ ರಿಪೇರಿಗೆ ಹಿಡಿದಿದ್ದಲ್ವೇನೋ ಅದು?" ಎಂದಳು. ಅಂದು ಅವಳು ಏನನ್ನೂ ತೆಗೆದುಕೊಳ್ಳಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಖಾಲಿ ಹೊಟ್ಟೆಯಲ್ಲಿ ನುಂಗಿದಳು. ಮರುದಿನ ದ್ವಾದಶಿಯ ಬೆಳಗ್ಗೆ ಸ್ನಾನಕ್ಕೆ ಹೋಗುತ್ತ ಬಚ್ಚಲಮನೆಯ ಬಾಗಿಲಿಗೆ ಒರಗಿ ಹಾಗೆಯೇ ಕುಸಿದಳು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಅಜ್ಜಿ, ಇನ್ಮೇಲೆ ಫುಲ್ ಉಪವಾಸ ಅಂತೆಲ್ಲ ಇಲ್ಲ. ಏನಾದ್ರೂ ಹೊಟ್ಟೆಗೆ ಹೋಗ್ಲೇಬೇಕು. ಸಾರ್, ನೀವು ನೋಡ್ಕೋಬೇಕು" ಎಂದು ನನ್ನ ಕಡೆ ಬೆರಳು ತೋರಿಸಿದಳು. ಅಕ್ಕ ವಿಧೇಯಳಾಗಿ ತಲೆಯಾಡಿಸಿದಳು. ಆಟೋದಲ್ಲಿ ಮನೆಗೆ ಬರುವಾಗ ಅದೇ ವಿಧೇಯ ಸ್ವರದಲ್ಲಿ ಹೇಳಿದಳು: "ಡಬ್ಬಿ ನನ್ನ ಕೈಲಿ ತೆಗೆಯೋಕಾದ್ರೆ ತಿಂತೀನಿ ಕಣೋ. ಆಗ್ಲಿಲ್ಲ ಅಂದ್ರೆ ನಿನ್ನೆ ಇದ್ದ ಹಾಗೇ ಇರ್ತೀನಿ. ಸುಮ್ನೆ ವಾದ ಮಾಡ್ಬೇಡ."

ಮುಂದಿನ ಏಕಾದಶಿಯೊಳಗೆ, ಎಂದರೆ ಹದಿನೈದು ದಿನದಲ್ಲಿ ಬರುವ ಮಾರ್ಗಶಿರ ಶುದ್ಧ ಏಕಾದಶಿಯೊಳಗೆ, ಊದಿದ ಹೆಬ್ಬೆರಳಿಗೆ ಒಗ್ಗುವ, ನಡುವೆ ಕೈಕೊಡದ, ನೀರಿನಲ್ಲಿ ಮುಳುಗಿಸಿ ತೆಗೆಯಬಹುದಾದ ಒಂದು ಓಪನರನ್ನು ನಾನು ಹುಡುಕಬೇಕಾಯಿತು. ಇಷ್ಟು ಸಣ್ಣ ವಸ್ತು ಇಷ್ಟು ದೊಡ್ಡ ಪೇಟೆಯಲ್ಲಿ ಸಿಗದೆ ಹೋದೀತೆಂದು ನಾನು ಎಣಿಸಿರಲಿಲ್ಲ.

ಮೊದಲು ವೈಟ್‌ಫೀಲ್ಡಿನ ಒಂದು ದೊಡ್ಡ ಮಾಲಿಗೆ ಹೋದೆ. ಅಲ್ಲಿ ಬೆಣ್ಣೆ ಸವರುವುದಕ್ಕೆ ಒಂದು, ಮೊಟ್ಟೆ ಸೀಳುವುದಕ್ಕೆ ಒಂದು, ಅವಕಾಡೊ ಎಂಬ ಹಣ್ಣಿನ ಬೀಜ ತೆಗೆಯುವುದಕ್ಕೆ ಒಂದು ಎಂದು ಬೇರೆ ಬೇರೆ ಉಪಕರಣಗಳು ಗೋಡೆಯ ತುಂಬ ನೇತಾಡುತ್ತಿದ್ದವು. ಓಪನರುಗಳು ಕೆಳಗಿನ ಮೂಲೆಯಲ್ಲಿದ್ದವು. ಹಿಡಿಕೆಗೆ ದಪ್ಪ ರಬ್ಬರು ಸುತ್ತಿದ, ತುದಿಯಲ್ಲಿ ಗಿಣಿಯ ಕೊಕ್ಕಿನಂಥ ಮೊನೆಯಿದ್ದ ಒಂದನ್ನು ಆರಿಸಿದೆ. ಅಂಗಡಿಯವನನ್ನು ಕೇಳಿದೆ: "ಇದನ್ನು ಒಂದು ಡಬ್ಬಿಯ ಮೇಲೆ ಪರೀಕ್ಷಿಸಿ ನೋಡಬಹುದೇ?"

"ಸಾರ್, ಪೀಸ್ ಓಪನ್ ಮಾಡಿದ್ರೆ ರಿಟರ್ನ್ ಇಲ್ಲ."

"ನಾನು ಓಪನರನ್ನು ತೆರೆಯುತ್ತಿಲ್ಲ, ಡಬ್ಬಿಯನ್ನು ತೆರೆಯುತ್ತೇನೆ."

"ಡಬ್ಬಿ ತಂದಿದೀರಾ ಸಾರ್?"

ತಂದಿರಲಿಲ್ಲ. ಮನೆಗೆ ತಂದು, ಏಕಾದಶಿಯಲ್ಲದ ಒಂದು ಸಾಧಾರಣ ದಿನ, ಅಕ್ಕನ ಕೈಗೆ ಕೊಟ್ಟು ಒಂದು ಡಬ್ಬಿಯ ಮೇಲೆ ಪ್ರಯೋಗ ಮಾಡಿಸಿದೆ. ರಬ್ಬರು ಅಂಗೈಗೆ ಹಿತವಾಗಿತ್ತು. ಚಕ್ರ ಡಬ್ಬಿಯ ಅಂಚನ್ನು ಕಚ್ಚಿತು, ಒಂದು ಗೇಣು ಹೋಯಿತು, ಅನಂತರ ಜಾರಿತು. ಅಕ್ಕ ಮತ್ತೆ ಕಚ್ಚಿಸಿದಳು, ಮತ್ತೆ ಜಾರಿತು. ಜಾರಿದ ಕಡೆಯೆಲ್ಲ ತಗಡು ಗರಗಸದಂತೆ ಎದ್ದು ನಿಂತಿತು. ಕೊನೆಗೆ ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜಿಕೊಳ್ಳತೊಡಗಿದಳು. "ಚೆನ್ನಾಗಿದೆ ಕಣೋ, ಮೃದುವಾಗಿದೆ" ಎಂದಳು. ನಾನು ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಸಮಾಧಾನ ಹೇಳಿಸಿಕೊಳ್ಳಲು ಸಿದ್ಧನಾಗಿರಲಿಲ್ಲ.

ಎರಡನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಅದು ಬ್ಯಾಟರಿಯದು. ಡಬ್ಬಿಯ ಮೇಲಿಟ್ಟು ಗುಂಡಿ ಒತ್ತಿದರೆ ತಾನೇ ಸುತ್ತು ಹಾಕಿ, ಮುಚ್ಚಳವನ್ನು ಅಯಸ್ಕಾಂತದಿಂದ ಹಿಡಿದು ನಿಲ್ಲುತ್ತದೆ. ನಡುಮನೆಯ ಮೇಜಿನ ಮೇಲೆ ಒಂದು ರಸಗುಲ್ಲದ ಡಬ್ಬಿಯನ್ನು ಅದರಿಂದ ತೆರೆದು ತೋರಿಸಿದೆ. ಅದು ಗುರ್ರೆನ್ನುತ್ತ ಡಬ್ಬಿಯ ಅಂಚಿನ ಮೇಲೆ ನಡೆದುಹೋಗುವುದನ್ನು ಅಕ್ಕ ಬಾಗಿ ನೋಡಿದಳು. "ಅಯ್ಯೋ, ಗಾಣದ ಎತ್ತು ಸುತ್ತಿದ ಹಾಗೆ ಸುತ್ತುತ್ತಲ್ಲೋ!" ಎಂದು ನಕ್ಕಳು. ಹಲ್ಲಿಲ್ಲದ ಅವಳ ನಗು ಬಲು ಅಪರೂಪ. ನನ್ನ ಹುಡುಕಾಟ ಮುಗಿಯಿತೆಂದುಕೊಂಡೆ.

ಆಗ ಅವಳು ಕೇಳಿದಳು: "ಇದನ್ನ ನೀರಲ್ಲಿ ಮುಳುಗಿಸ್ಬೋದಾ?"

ನಾನು ಅದರ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದೆ.

"ಮಿಕ್ಸಿ ಹಾಗೇನಾ ಇದೂ?"

"ಒದ್ದೆ ಬಟ್ಟೆಯಲ್ಲಿ ಒರೆಸಬಹುದು ಅಕ್ಕಾ."

"ಒರೆಸಿದ್ರೆ ಮಡಿ ಆಗೋ ಹಾಗಿದ್ರೆ ನಾನು ಚಳಿಗಾಲದಲ್ಲಿ ತಣ್ಣೀರು ಯಾಕೋ ಹಾಕ್ಕೋಬೇಕು?"

ಅವಳ ನಿಯಮಗಳಿಗೆ ಒಂದು ಒಳತರ್ಕವಿದೆ. ಅದೇ ನನ್ನನ್ನು ಹೆಚ್ಚು ರೇಗಿಸುವುದು. ಅಸಂಬದ್ಧವಾಗಿದ್ದರೆ ಖಂಡಿಸಬಹುದಿತ್ತು. ಆ ಸಂಜೆ ನಾನು ತಾಳ್ಮೆ ಕಳೆದುಕೊಂಡು, "ಹಾಗಾದರೆ ನಾನೇ ಸ್ನಾನ ಮಾಡಿ ಬಂದು ತೆರೆದುಕೊಡುತ್ತೇನೆ, ನೀನು ಒಪ್ಪಿಕೊ" ಎಂದೆ. ಅಕ್ಕ ದೇವರ ಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತದೆ ಉತ್ತರ ಕೊಟ್ಟಳು: "ನೀನು ಬಿಟ್ಟಿದ್ದನ್ನ ಮತ್ತೆ ಹಾಕ್ಕೋ ಅಂತ ನಾನು ಒಂದು ದಿನವೂ ಅಂದಿಲ್ಲ. ನಾನು ಹಿಡ್ಕೊಂಡಿದ್ದನ್ನ ನೀನು ಬಿಡು ಅನ್ಬೇಡ." ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾವು ಈ ಮಾತನ್ನು ಆಡಿರಲಿಲ್ಲ.

ನಮ್ಮ ಈ ಸಂಕಟ ಮನೆ ಮಾಲೀಕರ ಕಿವಿಗೆ ಬಿತ್ತು. ಅವರು ಹೂಡಿ ಹಳ್ಳಿಯಾಗಿದ್ದ ಕಾಲದಿಂದ ಇಲ್ಲಿರುವ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಈ ಕಟ್ಟಡ ನಿಂತಿದೆ. ಒಂದು ಬೆಳಗ್ಗೆ ನಾನು ಮೆಟ್ಟಿಲ ಮೇಲೆ ಡಬ್ಬಿಯನ್ನೂ ರಬ್ಬರು ಹಿಡಿಕೆಯ ಓಪನರನ್ನೂ ಹಿಡಿದು, ಅದು ಎಲ್ಲಿ ಜಾರುತ್ತಿದೆಯೆಂದು ಪರೀಕ್ಷಿಸುತ್ತಿದ್ದೆ.

"ಏನ್ ಸ್ವಾಮಿ, ಒಂದ್ ಡಬ್ಬ ಇಟ್ಕಂಡು ಇಂಗ್ ಕುಂತಿದ್ದೀರಿ?" ಎಂದರು. "ಕೊಡಿ ಇತ್ಲಾಗೆ."

"ಬೇಡಿ, ನಾನು ಪರೀಕ್ಷೆ ಮಾಡುತ್ತಿದ್ದೇನೆ."

"ಪರೀಕ್ಸೆ ಗಿರೀಕ್ಸೆ ಏನೂ ಬ್ಯಾಡ. ಎಳನೀರು ಕೆತ್ತೋ ಮಚ್ಚೈತೆ. ಅಂಗೊಂದು ಇಂಗೊಂದು ಏಟು, ಆಯ್ತು."

ಅವರು ಡಬ್ಬಿಯನ್ನು ಕಾಂಪೌಂಡಿನ ಕಲ್ಲಿನ ಮೇಲಿಟ್ಟು ಮಚ್ಚಿನಿಂದ ಬೀಸಿದರು. ಮೊದಲ ಏಟಿಗೆ ಡಬ್ಬಿ ಸೊಟ್ಟಗಾಯಿತು. ಎರಡನೆಯದಕ್ಕೆ ಹೊಟ್ಟೆ ಒಡೆದು ಮಾವಿನ ತಿರುಳು ಅವರ ಅಂಗಿಯ ಮೇಲೂ ಪಕ್ಕದ ಬಾಡಿಗೆದಾರರ ಸ್ಕೂಟರಿನ ಸೀಟಿನ ಮೇಲೂ ಚಿಮ್ಮಿತು. ಮಾಲೀಕರು ಅಂಗಿಯ ಮೇಲಿನದನ್ನು ಬೆರಳಲ್ಲಿ ತೆಗೆದು ನೆಕ್ಕಿ, "ಅಣ್ಣು ಚೆನ್ನಾಗೈತೆ ಸ್ವಾಮಿ" ಎಂದರು. ಬಾಲ್ಕನಿಯಿಂದ ಅಕ್ಕ, "ಆ ಸ್ಕೂಟರ್‌ಗೆ ಇರುವೆ ಮುತ್ತೋ ಮುಂಚೆ ನೀರು ಹಾಕ್ರಪ್ಪಾ" ಎಂದು ಕೂಗಿದಳು. ನೀರು ಹಾಕಿದವನು ನಾನು.

ಆಗ ನನಗೆ ಪೀಣ್ಯದ ನೆನಪಾಯಿತು. ನಾನು ಸೇವೆಯಲ್ಲಿದ್ದಾಗ ಶಾಸನಗಲ್ಲುಗಳ ಚಿತ್ರ ತೆಗೆಯಲು ನಮ್ಮ ಸಂಸ್ಥೆಗೆ ಒಂದು ಎತ್ತರದ ಕಬ್ಬಿಣದ ಚೌಕಟ್ಟು ಬೇಕಾಗಿತ್ತು; ಅದನ್ನು ಮಾಡಿಕೊಟ್ಟವನು ರಾಜಗೋಪಾಲನಗರದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಉತ್ತರ ಕರ್ನಾಟಕದ ಒಬ್ಬ ವ್ಯಕ್ತಿ. ಲೇತ್ ಯಂತ್ರದ ಹೆಲ್ಪರನಾಗಿ ಬಂದು ತನ್ನದೇ ಶೆಡ್ಡು ಮಾಡಿಕೊಂಡವನು, ಬಾಯಿ ಜೋರು. ಹೂಡಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಪೀಣ್ಯದಲ್ಲಿ ಇಳಿದು ಆಟೋದಲ್ಲಿ ಹೋದೆ. ಶೆಡ್ಡಿನ ತುಂಬ ಕಟಿಂಗ್ ಎಣ್ಣೆಯ ವಾಸನೆ. ಅವನು ನನ್ನನ್ನು ಗುರುತಿಸಿ ಸ್ಟೂಲು ಒರೆಸಿ ಕೂರಿಸಿದ. ವಿಷಯ ಕೇಳಿದ ಮೇಲೆ ಯಂತ್ರದ ಸದ್ದನ್ನೂ ಮೀರಿ ನಕ್ಕ.

"ಏನ್ ಸರ, ಸಾವಿರ ವರ್ಷದ ಕಲ್ಲು ಓದೋವ್ರು ನೀವು, ಒಂದು ಡಬ್ಬಿ ತೆರ್ಯಾಕ ಆಗಲಿಲ್ಲೇನ್ರಿ?"

"ಕಲ್ಲು ಜಾರುವುದಿಲ್ಲ" ಎಂದೆ.

"ಎಷ್ಟು ಪೀಸ್ ಬೇಕ್ರಿ?"

"ಒಂದು."

"ಒಂದಾ! ಸರ, ಇಲ್ಲಿ ಒಂದ ಪೀಸಿಗೆ ಯಾರೂ ಮಷೀನ್ ಸೆಟ್ ಮಾಡಂಗಿಲ್ರಿ. ಇರ್ಲಿ, ಅಕ್ಕಾರಿಗೆ ಅಂತೀರಿ. ಡ್ರಾಯಿಂಗ್ ತಂದೀರೇನ್ರಿ?"

ತಂದಿದ್ದೆ. ಮಾಲಿನಲ್ಲಿ ಕಲಿತ ಪಾಠದಿಂದ ಒಂದು ತೆರೆಯದ ಡಬ್ಬಿಯನ್ನೂ ತಂದಿದ್ದೆ. ಅವನು ನನ್ನ ಡ್ರಾಯಿಂಗನ್ನು ನೋಡಿ, ಹಾಳೆಯನ್ನು ಮಗುಚಿ, ಅದರ ಹಿಂದೆ ತನ್ನದೇ ಒಂದನ್ನು ಗೀಚಿದ. ತಿರುಗಿಸುವ ಹಿಡಿಕೆ ಅಂಗೈ ಉದ್ದಕ್ಕಿಂತ ಹೆಚ್ಚಿರಬೇಕು, ಆಗ ಹೆಬ್ಬೆರಳಿನ ಬದಲು ಮುಂಗೈ ಕೆಲಸ ಮಾಡುತ್ತದೆ ಎಂದು ನಾನು ವಿವರಿಸಿದೆ. ಅದಕ್ಕೆ ಒಪ್ಪಿದ. ಕೊನೆಯ ಷರತ್ತನ್ನು ಸಂಕೋಚದಿಂದಲೇ ಹೇಳಿದೆ: "ಪೂರ್ತಿ ಲೋಹವಾಗಿರಬೇಕು. ನೀರಿನಲ್ಲಿ ಮುಳುಗಿಸಬೇಕಾಗುತ್ತದೆ."

"ಸಬ್‌ಮರ್ಸಿಬಲ್ ಪಂಪ್ ಕೇಳೀನ್ರಿ. ಸಬ್‌ಮರ್ಸಿಬಲ್ ಓಪನರ್ ಇದ ಮೊದಲ!" ಎಂದು ಒಳಗಿದ್ದವರಿಗೂ ಕೇಳುವಂತೆ ಕೂಗಿದ. ಒಳಗಿದ್ದವರೂ ನಕ್ಕರು.

ಕತ್ತರಿಸುವ ಚಕ್ರವನ್ನು ಗಟ್ಟಿಗೊಳಿಸಲು ಹೊರಗೆ, ಉಕ್ಕನ್ನು ಕಾಯಿಸಿ ತಣಿಸುವ ಇನ್ನೊಂದು ಘಟಕಕ್ಕೆ ಕೊಡಬೇಕಾಗಿತ್ತು. ಅವರು ಬೇರೆಯವರ ಮಾಲಿನ ಜೊತೆಗೆ ಮಂಗಳವಾರ ಕುಲುಮೆಗೆ ಹಾಕುತ್ತಾರೆ. ಬುಧವಾರ ಸಂಜೆ ಜೋಡಿಸಿ ಕೊಡಬಹುದು ಎಂದ. "ಅರ್ಜೆಂಟ್ ಇದ್ರ ಹೇಳ್ರಿ, ಬ್ಯಾರೆ ಕಡೆ ನಾನ ಹೋಗಿ ನಿಂತು ಸೋಮವಾರ ಮಾಡಿಸ್ತೀನಿ."

ನಾನು ಅವಸರವಿಲ್ಲವೆಂದೆ. ಏಕಾದಶಿ ಗುರುವಾರ ಎಂಬುದನ್ನು ಲೆಕ್ಕ ಹಾಕಿ ನೋಡಿಕೊಂಡೇ ಬಂದಿದ್ದೆ. ಒಂದಲ್ಲ, ಮೂರು ಕಡೆ ತಾಳೆ ನೋಡಿದ್ದೆ: ನನ್ನ ಗಣಿತ, ನಮ್ಮ ತಂದೆಯ ಮನೆಯಲ್ಲಿ ಅನುಸರಿಸುತ್ತಿದ್ದ ಮಠದ ಪಂಚಾಂಗ, ಮೊಬೈಲಿನಲ್ಲಿರುವ ಇನ್ನೊಂದು. ಬುಧವಾರದ ಅರುಣೋದಯಕ್ಕೆ ದಶಮಿ ಇನ್ನೂ ಕೊಂಚ ಉಳಿದಿರುತ್ತದೆ, ದಶಮಿ ತಾಗಿದ ದಿನ ಉಪವಾಸ ಮಾಡುವುದಿಲ್ಲ, ಆದ್ದರಿಂದ ಗುರುವಾರ. ಮೂರೂ ಒಂದೇ ಹೇಳುತ್ತಿದ್ದವು.

ಬುಧವಾರ ಬೆಳಗ್ಗೆ ಎದ್ದು ನಡುಮನೆಗೆ ಬಂದರೆ ಕಾಫಿಯ ವಾಸನೆಯಿರಲಿಲ್ಲ. ಮಡಿಸೀರೆಯ ಗಳು ಖಾಲಿಯಾಗಿತ್ತು. ಅಕ್ಕ ಒದ್ದೆ ಕೂದಲನ್ನು ತುದಿಗಂಟು ಹಾಕಿಕೊಂಡು ದೇವರ ಮುಂದೆ ಕುಳಿತಿದ್ದಳು.

"ಏಕಾದಶಿ ನಾಳೆ ಅಲ್ಲವೇ ಅಕ್ಕಾ?"

"ನಿಂಗೆ ನಾಳೆ. ನಂಗೆ ಇವತ್ತು."

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅನಂತರ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ನಮ್ಮ ತವರಿನ ಮಠ ಬೇರೆ, ಅವಳ ಗಂಡನ ಮನೆಯ ಮಠ ಬೇರೆ. ಮದುವೆಯಾದ ದಿನದಿಂದ ಅವಳದು ಆ ಮನೆಯ ಪಂಚಾಂಗ; ಭಾವ ತೀರಿಕೊಂಡ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಆ ಪಂಚಾಂಗದ ಗಣಿತ ಹಳೆಯ ಸಿದ್ಧಾಂತದ್ದು. ಅದರಲ್ಲಿ ದಶಮಿ ಅರುಣೋದಯಕ್ಕೆ ಮೊದಲೇ ಮುಗಿದಿತ್ತು. ಹೆಚ್ಚಿನ ತಿಂಗಳುಗಳಲ್ಲಿ ಎರಡೂ ಒಂದೇ ದಿನ ಬೀಳುವುದರಿಂದ ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಒಂದು ಶಾಸನದ ತಿಥಿ ಹೊಂದದಿದ್ದರೆ, ಅದನ್ನು ಬರೆಸಿದವರು ಯಾವ ಗಣಿತವನ್ನು ಅನುಸರಿಸುತ್ತಿದ್ದರೆಂದು ಮೊದಲು ವಿಚಾರಿಸಬೇಕೆಂದು ನಾನು ಎಷ್ಟು ಜನ ವಿದ್ಯಾರ್ಥಿಗಳನ್ನು ಗದರಿಸಿದ್ದೇನೋ. ಹಿಂದಿನ ರಾತ್ರಿ ಅಕ್ಕ ಊಟ ಬೇಡವೆಂದಿದ್ದಳು. ದಶಮಿಯ ಒಪ್ಪೊತ್ತು ಎಂಬುದು ನನಗೆ ಹೊಳೆಯಲಿಲ್ಲ. ಅಜೀರ್ಣವಿರಬೇಕೆಂದು ಜೀರಿಗೆ ಕಷಾಯ ಮಾಡಲೇ ಎಂದು ಕೇಳಿದ್ದೆ.

"ಮೊದಲೇ ಹೇಳಬಾರದಿತ್ತೇ?" ಎಂದು ಕಿರುಚಿದೆ.

"ನೀನು ಪಂಚಾಂಗ ನೋಡೋನು ಅಂತ ಊರಿಗೆಲ್ಲ ಗೊತ್ತು. ನಿಂಗೆ ನಾನು ಹೇಳ್ಲಾ?"

ಪೀಣ್ಯಕ್ಕೆ ಫೋನು ಮಾಡಿದೆ. "ಹಾರ್ಡನಿಂಗ್ ಆಗೇದ್ರಿ ಸರ, ಮಾಲು ಇನ್ನೂ ಅಲ್ಲೇ ಅದ. ತಂದು ಗ್ರೈಂಡ್ ಮಾಡಿ ಫಿಟ್ ಮಾಡ್ಬೇಕು. ನೀವ ಸಂಜಿಗೆ ಸಾಕು ಅಂದ್ರಲ್ರಿ" ಎಂದ. ಸೂರ್ಯ ಇಳಿದ ಮೇಲೆ ಅಕ್ಕ ಏನನ್ನೂ ಮುಟ್ಟುವುದಿಲ್ಲ. ಸಂಜೆಗೇ ಬರುತ್ತೇನೆಂದು ಹೇಳಿ ಫೋನು ಇಟ್ಟೆ.

ಮಧ್ಯಾಹ್ನ ಅಕ್ಕ ಡಬ್ಬಿಯನ್ನು ತೊಳೆದಳು. ರಬ್ಬರು ಹಿಡಿಕೆಯ ಓಪನರನ್ನೂ ತೊಳೆದಳು. ನಾನು ಹೊಸ್ತಿಲ ಈಚೆ ಕುರ್ಚಿ ಹಾಕಿಕೊಂಡು ಕುಳಿತೆ. ಚಕ್ರ ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ಎದ್ದು ಹೋಗಿ ಅದನ್ನು ಕಿತ್ತುಕೊಂಡು ನಾನೇ ತೆರೆದುಬಿಡಬಹುದಿತ್ತು. ಎರಡು ಹೆಜ್ಜೆಯ ದೂರ. ತೆರೆದರೆ ಅವಳು ತಿನ್ನುವುದಿಲ್ಲ ಎಂಬುದೂ ಅಷ್ಟೇ ನಿಶ್ಚಿತವಾಗಿತ್ತು. ನನ್ನ ಆಯುಷ್ಯದಲ್ಲಿ ಕೈಕಾಲು ನೆಟ್ಟಗಿದ್ದೂ ಅಷ್ಟು ನಿಷ್ಪ್ರಯೋಜಕನಾಗಿ ನಾನು ಎಂದೂ ಕುಳಿತವನಲ್ಲ.

"ಚಕ್ರ ಬಿಡು" ಎಂದೆ. "ಇನ್ನೊಂದು ತುದಿಯ ಕೊಕ್ಕು ನೋಡು. ಅದನ್ನು ಅಂಚಿನ ಪಕ್ಕಕ್ಕೆ ಊರಿ ಅಂಗೈಯಿಂದ ಒತ್ತು. ಬೆರಳು ಬೇಡ, ಮೈಭಾರ ಹಾಕು."

ಅಕ್ಕ ಡಬ್ಬಿಯನ್ನು ನೆಲಕ್ಕಿಳಿಸಿ, ಮಂಡಿಯೂರಿ, ಅಂಗೈಯ ಬುಡದಿಂದ ಒತ್ತಿದಳು. ಟಪ್ಪೆಂದು ಒಂದು ತೂತಾಯಿತು. ಎದುರಿಗೆ ಇನ್ನೊಂದು. ಬಟ್ಟಲಿನ ಮೇಲೆ ಡಬ್ಬಿಯನ್ನು ಬಗ್ಗಿಸಿ ಹಿಡಿದಳು. ತಿರುಳು ಗಟ್ಟಿ, ತೂತು ಚಿಕ್ಕದು. ಬಹಳ ಹೊತ್ತಾದ ಮೇಲೆ ಹಳದಿಯ ಒಂದು ಎಳೆ ಇಳಿಯಿತು, ತುಂಡಾಯಿತು, ಮತ್ತೆ ಇಳಿಯಿತು.

"ಇದು ಸಂಜೆವರೆಗೂ ಆಗುತ್ತದೆ" ಎಂದೆ.

"ಆಗ್ಲಿ. ನಂಗೇನು ಆಫೀಸಾ?" ಎಂದಳು. ಡಬ್ಬಿಯನ್ನು ಇನ್ನಷ್ಟು ಬಗ್ಗಿಸಿ, "ಯಾಕೋ ಮುಖ ಹಾಗೆ ಮಾಡ್ಕೊಂಡಿದೀಯ?" ಎಂದಳು.

"ನಿನ್ನ ನಿಯಮಗಳ ಮೇಲೆ ಸಿಟ್ಟು ಬಂದಿದೆ."

"ಅಷ್ಟು ಸಿಟ್ಟಿದ್ರೆ ಇದನ್ನ ಕಾಯಿಸಿರ್ತಾರೆ ಅಂತ ಮೊದಲೇ ಹೇಳಿ ನಿಲ್ಲಿಸ್ಬಿಡಬೋದಿತ್ತಲ್ಲ."

ನಾನು ಬೆಚ್ಚಿದೆ. "ನಿನಗೆ ಗೊತ್ತಿತ್ತೇ?"

"ಕಾಯಿಸದೆ ಇಟ್ರೆ ಹಣ್ಣು ಎಷ್ಟು ದಿನ ಇರುತ್ತೋ, ಅಡುಗೆ ಮಾಡಿದೋಳಿಗೆ ಗೊತ್ತಿರಲ್ವಾ? ಹಾಲೂ ಕಾಯಿಸ್ತೀವಿ. ಏನೋ ಒಂದು ಕಡೆ ಗೆರೆ ಹಾಕ್ಕೋಬೇಕು, ಹಾಕ್ಕೊಂಡಿದೀನಿ. ನೀನು ಹೇಳ್ದೆ ಇದ್ದಿದ್ದು ಒಳ್ಳೇದಾಯ್ತು. ಹೇಳಿದ್ರೆ ಬಿಡ್ಬೇಕಾಗ್ತಿತ್ತು."

ಅರ್ಧ ಬಟ್ಟಲು ಸೇರಿತು. ಹಾಲು ಬೆರೆಸಿ ಕುಡಿದಳು. ಅವಳ ಅಂಗೈಯ ಬುಡದಲ್ಲಿ ಚರ್ಮ ಕಿತ್ತು ಕೆಂಪಾಗಿತ್ತು. ಅದನ್ನು ನೋಡಿಯೂ ನೋಡದವನಂತೆ ಎದ್ದು, ಹೇಳಿದ ಹೊತ್ತಿಗೆ ಸರಿಯಾಗಿ ಪೀಣ್ಯಕ್ಕೆ ಹೊರಟೆ. ಓಪನರ್ ಸಿದ್ಧವಾಗಿತ್ತು. ಉದ್ದ ಹಿಡಿಕೆ, ಕಪ್ಪಗೆ ಮಿನುಗುವ ಚಕ್ರ, ಕೈಯಲ್ಲಿ ಹಿಡಿದರೆ ಹದವಾದ ತೂಕ. ದ್ವಾದಶಿಯ ಮಧ್ಯಾಹ್ನ ಅಕ್ಕ ಆ ತೂತುಬಿದ್ದ ಡಬ್ಬಿಯ ಮೇಲೆಯೇ ಅದನ್ನು ಕಚ್ಚಿಸಿ ತಿರುಗಿಸಿದಳು. ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಒಂದು ದಿನ ಮೊದಲು ಬೇಕಾಗಿದ್ದುದು ಒಂದು ದಿನ ತಡವಾಗಿ, ಏನೂ ಆಗದಂತೆ, ಸುತ್ತು ಪೂರೈಸಿತು. ನನಗೆ ಸಂತೋಷಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾಯಿತು.

ಮುಂದಿನದು ಮಾರ್ಗಶಿರ ಬಹುಳ ಏಕಾದಶಿ. ಈ ಸಲ ಅಕ್ಕನ ಪಂಚಾಂಗವನ್ನೇ ಕೇಳಿ ಪಡೆದು ನೋಡಿದೆ. ದಿನ ಎರಡರಲ್ಲೂ ಒಂದೇ. ಹಿಂದಿನ ದಿನ ಡಬ್ಬಿ ತರಲು ಹೂಡಿಯ ಅಂಗಡಿಗೆ ಹೋದರೆ ಅದೇ ಕಂಪನಿಯ ಡಬ್ಬಿಯ ಮುಚ್ಚಳದ ಮೇಲೆ ಒಂದು ಉಂಗುರ ಕುಳಿತಿತ್ತು.

"ಹೊಸ ಸ್ಟಾಕ್ ಸಾರ್. ರಿಂಗ್ ಎಳೆದ್ರೆ ಆಯ್ತು, ಓಪನರೇ ಬೇಡ" ಎಂದ ಅಂಗಡಿಯವನು, ನನಗೆ ಶುಭವಾರ್ತೆ ಕೊಟ್ಟವನಂತೆ.

"ಹಳೆಯದು ಒಂದೂ ಇಲ್ಲವೇ?"

"ಹಳೇದು ಯಾಕೆ ಸಾರ್? ಎಲ್ರೂ ಇದೇ ಚೆನ್ನಾಗಿದೆ ಅಂತಿದಾರೆ."

ಬೆರಳು ತೂರಿಸಿ, ಗೆಣ್ಣು ಮಡಿಸಿ, ಜಗ್ಗಿ ಎಳೆಯಬೇಕಾದ ಉಂಗುರ. ಅಕ್ಕನ ಬೆರಳಿಗೆ ಅದಕ್ಕಿಂತ ಕ್ರೂರವಾದ ಯಂತ್ರವನ್ನು ಕಲ್ಪಿಸಿಕೊಳ್ಳಲಾರೆ. ಸಿಟ್ಟಿನ ಭರದಲ್ಲಿ ನಾನು ಯಾವತ್ತೂ ಮರೆಯದ ಒಂದು ಕೆಲಸವನ್ನು, ಡಬ್ಬಿ ತಯಾರಾದ ದಿನಾಂಕವನ್ನು ಓದುವುದನ್ನು, ಮರೆತು ಮನೆಗೆ ತಂದೆ. ಅದನ್ನು ಮೇಜಿನ ಮೇಲೆ ಕುಕ್ಕಿ, ಪೀಣ್ಯದ ಓಪನರನ್ನು ಅದರ ಮೇಲಿಟ್ಟು ನೋಡಿದೆ. ಉಂಗುರ ಅಡ್ಡ ಬಂದು ಚಕ್ರ ಕೂರಲಿಲ್ಲ. ಇಡೀ ನಗರಕ್ಕೆ ಅನುಕೂಲವಾಗುವಂತೆ ಏನಾದರೂ ಬದಲಾದಾಗಲೆಲ್ಲ ನಮ್ಮ ಮನೆಗೆ ಅನನುಕೂಲವಾಗುವಂತೆಯೇ ಬದಲಾಗುತ್ತದೆ ಎಂದು ನಾನು ಗೋಡೆಗೆ ಹೇಳಿದೆ. ಅಕ್ಕ ಬತ್ತಿ ಹೊಸೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಮಧ್ಯಾಹ್ನ ಅವಳು ಡಬ್ಬಿಯನ್ನು ಹುಣಿಸೆಹಣ್ಣು ಹಚ್ಚಿ ತೊಳೆದಳು. ಓಪನರನ್ನು ಕೊಳಗದ ನೀರಿನಲ್ಲಿ ಮುಳುಗಿಸಿ ತೆಗೆದಳು. ಅದಕ್ಕೆಂದೇ ಅಟ್ಟದಿಂದ ಒಂದು ಕೊಳಗ ಇಳಿಸಿಕೊಂಡಿದ್ದಳು. ನಾನು ಹೊಸ್ತಿಲ ಈಚೆ, ಅದೇ ಕುರ್ಚಿಯಲ್ಲಿ. ಅಕ್ಕ ಡಬ್ಬಿಯನ್ನು ತಲೆಕೆಳಗಾಗಿ ನಿಲ್ಲಿಸಿದಳು. ತಳಕ್ಕೂ ಮೇಲಿನಂತೆಯೇ ಅಂಚು ಕಟ್ಟಿತ್ತು. ಉಂಗುರವಿರಲಿಲ್ಲ. ಚಕ್ರ ಕೂತಿತು. ಉದ್ದದ ಹಿಡಿಕೆಯನ್ನು ಮುಂಗೈಯಿಂದ ತಳ್ಳುತ್ತ ತಳ್ಳುತ್ತ ಅವಳು ಒಂದು ಸುತ್ತು ಪೂರೈಸಿದಳು. ಎಲ್ಲಿಯೂ ಜಾರಲಿಲ್ಲ. ತಗಡಿನ ಬಿಲ್ಲೆಯನ್ನು ಎತ್ತಿ ಪಕ್ಕದ ತಟ್ಟೆಯ ಮೇಲಿಟ್ಟು, ತಿರುಳನ್ನು ಬಟ್ಟಲಿಗೆ ಬಗ್ಗಿಸಿಕೊಂಡಳು.

ಆಗ ನನಗೆ ಮರೆತದ್ದು ನೆನಪಾಯಿತು. "ಅಕ್ಕಾ, ತಾಳು. ದಿನಾಂಕ ನೋಡಲಿಲ್ಲ."

"ಎಲ್ಲಿರುತ್ತೆ?"

"ಡಬ್ಬಿಯ ತಳದಲ್ಲಿ ಅಚ್ಚು ಹಾಕಿರುತ್ತಾರೆ."

ಅವಳು ತಟ್ಟೆಯನ್ನು ಹೊಸ್ತಿಲವರೆಗೆ ಸರಿಸಿದಳು. "ಅಲ್ಲೇ ಕೂತು ನೋಡು. ಮುಟ್ಬೇಡ."

ಬಿಲ್ಲೆಯ ಮೇಲೆ ಕಪ್ಪು ಚುಕ್ಕೆಗಳ ಅಕ್ಷರಗಳಿದ್ದವು. ಹುಣಿಸೆಹಣ್ಣಿನಿಂದ ಉಜ್ಜಿದ್ದಕ್ಕೆ ಅರ್ಧ ಅಳಿಸಿಹೋಗಿದ್ದವು. ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಬಾಗಿ ನೋಡಿದೆ. ಸವೆದ ಕಲ್ಲಿನ ಮೇಲಿನ ಬರಹವನ್ನು ಕೈಯಿಂದ ಸವರಿ ಓದಿ ಅಭ್ಯಾಸವಾದವನಿಗೆ ಮುಟ್ಟದೆ ಓದುವುದು ಬರುವುದಿಲ್ಲ.

"ಏನಂತೆ?" ಎಂದಳು ಅಕ್ಕ. ಅವಳಾಗಲೇ ಹಾಲು ಬೆರೆಸಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದಳು.

"ಸ್ಪಷ್ಟವಿಲ್ಲ" ಎಂದೆ. "ಕುಡಿ."